ಸಣ್ಣ ಜಾಕೆಟ್ಟುಗಳ ಲೆಕ್ಕ

ಫೋನಿನಲ್ಲಿ ಕೇಳಿದ್ದು ಒಂದೇ ಮಾತು:
"ಸೂಟಿಯೊಳಗ ನಿಮ್ಮ ಹರಗೋಲಿನ್ಯಾಗ
ಹುಡುಗ್ರು ಭಾಳ ಇರ್ತಾವೇನ್ರೀ?"

ಸಾಣಾಪುರದ ಕೆರೆಯ ಮೇಲೆ ನನಗೆ ಹನ್ನೊಂದು ವರ್ಷ.
ಈ ಪ್ರಶ್ನೆ ಎಂಥವರ ಬಾಯಿಂದ ಬರುತ್ತದೆಂದು ಗೊತ್ತು:
ಕ್ಯಾಮೆರಾದವರು, ಹೊಸದಾಗಿ ಮದುವೆಯಾದವರು,
ಹಕ್ಕಿ ಹಾರೀತೆಂದು ಉಸಿರು ಹಿಡಿದು ಕೂರುವವರು.
ಅವರಿಗೆಲ್ಲ ಬೇಕಾದ ಉತ್ತರ, ಇಲ್ಲ.

ಸುಳ್ಳು ಹೇಳುವಂತಿಲ್ಲ, ಲೆಕ್ಕ ತಂತಿಯ ಮೇಲೇ ನೇತಾಡುತ್ತಿರುತ್ತದೆ.
ಕಿತ್ತಳೆ ಜಾಕೆಟ್ಟು ದೊಡ್ಡವರದು,
ಮೊಳದುದ್ದದ ಹಳದಿ ಸಣ್ಣವರದು.
ಕಾರ್ತೀಕದ ಒಂದು ಬುಧವಾರ: ಹಳದಿ ಎರಡು.
ದಸರಾ ಸೂಟಿಯ ಎರಡನೇ ದಿನ: ಹಳದಿ ನಲವತ್ತೊಂದು,
ಬಕಲು ಮುರಿದದ್ದು ಮೂರು,
ಉಚ್ಚೆ ಹೊಯ್ದದ್ದು ಒಂದು,
ಜೇಬೇ ಇಲ್ಲದ ಜಾಕೆಟ್ಟಿನೊಳಗೆ ಅದು ಹೇಗೋ
ಒಂದು ಹಿಡಿ ವಗ್ಗರಣಿ ಮಂಡಾಳು.

"ಬುಧವಾರ ಬರ್ರಿ ಅಕ್ಕಾರ," ಅಂದೆ, "ಸಾಲಿ ಇರ್ತಾವು.
ನೀವು, ನಾನು, ನೀರು. ಮತ್ಯಾರೂ ಇರಂಗಿಲ್ಲ."

ಬಂದರು. ಹೆಸರು ಸುವಾರ್ತಮ್ಮ, ಊರು ಸಿಂಧನೂರು.
ಬಿಳಿ ರಬ್ಬರ್ ಚಪ್ಪಲಿ, ಟಿಫಿನ್ ಡಬ್ಬಿ,
ಸಾಬೂನಿಗೆ ಸವೆದ ಕೈ.
ಬಂಡೆಗಳ ನಡುವೆ ಮೆಲ್ಲಗೆ ಒಯ್ದೆ,
ಗಿರಗಿರ ತಿರುಗಿಸಲಿಲ್ಲ, ಆ ವಯಸ್ಸಿಗೆ ತಲೆ ಸುತ್ತುತ್ತದೆ.
ಮಿಂಚುಳ್ಳಿ ತೋರಿಸಿದೆ. ನೋಡಿದರು.
ನೀರುಕಾಗೆ ತೋರಿಸಿದೆ. ಅದನ್ನೂ ನೋಡಿದರು,
ತಪ್ಪು ಮನೆಗೆ ಬಂದವರು
ಗೋಡೆಯ ಕ್ಯಾಲೆಂಡರ್ ನೋಡುವ ಹಾಗೆ.

ದಡದಲ್ಲಿ ನೋಟು ಮಡಿಚಿ ಕೊಡುತ್ತ
"ಸೂಟಿ ಯಾವಾಗ ಬಿಡ್ತಾರ?" ಎಂದರು.

ಪ್ರಶ್ನೆಯನ್ನು ನಾನು
ಬೋರಲು ಹಾಕಿಕೊಂಡಿದ್ದೆ, ಡಾಂಬರಿನ ಬೆನ್ನು ಮೇಲಾಗಿ.

"ಮೂವತ್ತೆರಡು ವರ್ಷ ಹೆರಿಗಿ ವಾರ್ಡು, ತಮ್ಮಾ.
ಎಷ್ಟು ಕೂಸು ಹಿಡಿದೀನೋ ರಿಜಿಸ್ಟರಿಗೆ ಗೊತ್ತು.
ಮೂರನೇ ದಿನಕ್ಕ ಅರಿವಿ ಸುತ್ತಿಗೊಂಡು ಹೊಂಟೇಬಿಡ್ತಾವು.
ಅಳೋದು ಬಿಟ್ಟು ಬ್ಯಾರೆ ಏನರ ಮಾಡೋದು ನೋಡಿಲ್ಲ ನಾನು.
ಓಣಿಯಾಗ ಕಾಣ್ತಾವು, ಖರೆ. ಚೀಲ ಹೊತ್ತು, ತಲಿ ಬಗ್ಗಿಸಿ.
ಅದು ಬ್ಯಾಡ ನನಗ."

ಏಪ್ರಿಲ್ ಹದಿಮೂರು. ಎಂಟಕ್ಕೇ ಬಂಡೆ ಕಾದಿತ್ತು.
ಒಂದು ಕಿತ್ತಳೆ, ಆರು ಹಳದಿ.
ಗಂಗಾವತಿಯ ಅಕ್ಕಿ ಗಿರಣಿಯವರ ಅವಳಿಗಳು,
ಕಾರಟಗಿಯ ಒಬ್ಬ ಮೂಗುಸುರುಕ, ಉಳಿದವು ಯಾರವೋ.
ಒಬ್ಬೊಬ್ಬರ ಹೆಸರು ಕೇಳಿದರು, ಕೇಸ್ ಪೇಪರ್ ಬರೆಯುವ ದನಿಯಲ್ಲಿ.
"ಎಲ್ಲಿ ಹುಟ್ಟಿದಿ?"
"ನಮ್ಮವ್ವನ ಹೊಟ್ಟಿಯಾಗ," ಎಂದಿತು ಮುಂದಿನ ಹಲ್ಲಿಲ್ಲದ್ದು.
"ಸಿಂಧನೂರು ಸರಕಾರಿ ದವಾಖಾನಿ,"
ಎಂದಳು ನೀರಿಗೆ ಬೆರಳು ಬಿಟ್ಟಿದ್ದ ಹುಡುಗಿ.
ಸುವಾರ್ತಮ್ಮ ಏನೂ ಅನ್ನಲಿಲ್ಲ.
ಆಕೆಯ ಬಕಲು ಸರಿಯಾಗೇ ಇತ್ತು.
ಬಿಚ್ಚಿ, ಮತ್ತೆ ಹಾಕಿದರು.

ತಿರುಗಿಸು, ತಿರುಗಿಸು ಎಂದು ಆರೂ ಕೂಗಿದವು.
ತಿರುಗಿಸಿದೆ. ಬಂಡೆ, ಗುಡ್ಡ, ಬಾನು, ಬಂಡೆ.
ಇನ್ನೊಮ್ಮೆ ಎಂದವು. ಮತ್ತೊಂದು ಸುತ್ತು.
ಮೂರನೆಯ "ಇನ್ನೊಮ್ಮೆ" ಹುಡುಗರ ದನಿಯಾಗಿರಲಿಲ್ಲ.

"ಇದಕ್ಕೇನಂತೀ?" ನನ್ನ ಕೈಯಲ್ಲಿದ್ದದ್ದು ತೋರಿಸಿದರು.
"ಹುಟ್ಟು ಅಂತೀವ್ರಿ."
ನಕ್ಕರು ನೋಡಿ, ಹರಗೋಲೇ ಅಲ್ಲಾಡುವ ಹಾಗೆ.
"ಕೊಡಿಲ್ಲಿ. ನನಗ ಹಿಡದು ರೂಢಿ ಐತಿ."

ಎರಡು ಸಲ ಸೊಟ್ಟ ಹೋದೆವು, ಒಮ್ಮೆ ಬಂಡೆಗೆ ಬಡಿದೆವು.
ಹುಡುಗರ ಕೇಕೆಗೆ ಆಚೆ ದಡದ ಕ್ಯಾಮೆರಾದವರು
ತಿರುಗಿ ನೋಡಿ ಏನೋ ಗೊಣಗಿದರು.

ಸಂಜೆ ತಂತಿಯ ಮೇಲೆ ಹಳದಿ ಐವತ್ತೆರಡು.
ಕೈಯಲ್ಲಿ ಉಳಿದದ್ದು ಒಂದು ಕಿತ್ತಳೆ, ತೊಯ್ದು ತಪ್ಪಡಿ.
ಯಾವ ಸಾಲಿಗೆ ಹಾಕಬೇಕೆಂದು ತಿಳಿಯದೆ
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ, ನೀರು ತೊಟ್ಟಿಕ್ಕುತ್ತಿತ್ತು.