ಡ್ಯಾಶ್‌ಬೋರ್ಡಿನ ಹುಂಡಿ

ಸತ್ತು ಎಷ್ಟು ದಿನವಾಯಿತು, ಕೇಳಿದ ಮಕ್ಸೂದ್,
ಟಾರ್ಚು ಹಚ್ಚಿ, ನಾಲಿಗೆ ನೋಡುವ ಡಾಕ್ಟರರ ಹಾಗೆ.
ಗೊತ್ತಿಲ್ಲ ಎಂದೆ.
ನನ್ನ ಗಾಡಿಯಲ್ಲಿ ಹಾಡು ನಿಷಿದ್ಧ.
ಹಣೆಗೆ ಕೆಂಪು ಎಲ್ ಅಂಟಿಸಿಕೊಂಡ ವ್ಯಾಗನಾರ್‌ನಲ್ಲಿ
ಹದಿನಾಲ್ಕು ವರ್ಷದಿಂದ ಕೇಳಬೇಕಾದ ಸದ್ದು ಎರಡೇ:
ಒಂದು ಇಂಜಿನ್ನು,
ಇನ್ನೊಂದು ನಾನು.

ಕುರ್ಲಾದ ಸಿ.ಎಸ್.ಟಿ. ರೋಡಿನಲ್ಲಿ ಅಂಗಡಿಯೆಂದರೆ
ಅರ್ಧ ಶಟರು, ಒಂದು ಸ್ಟೂಲು, ಮಿಕ್ಕಿದ್ದೆಲ್ಲ ರಸ್ತೆ.
ಮುಲುಂಡಿನಲ್ಲಿ ಬೆಳಗಿನ ಪಾಠ ಮುಗಿಸಿ
ಕೊರಳ ಪಟ್ಟಿ ಬಿಚ್ಚದೆಯೇ ಬಂದಿದ್ದೆ.
ಇದೇನು ಮೇಡಂ ಎಂದ.
ಸಾವಿರದಿನ್ನೂರು ಜನರಿಗೆ
ಹಿಂದೆ ನೋಡಲು ಕಲಿಸಿದ್ದಕ್ಕೆ ಬಂದ ಪೆನ್ಷನ್ನು ಎಂದೆ.

ಕನ್ನಡಿ ನಂಬಬೇಡಿ, ಕತ್ತು ತಿರುಗಿಸಿ.
ಗುಜರಾತಿ ಸೊಸೆಯಂದಿರಿಗೆ, ರಿಟೈರಾದ ಕ್ಯಾಶಿಯರಿಗೆ,
ಮೀಸೆಗೂ ಮೊದಲೇ ಬೈಕ್ ಬಿಟ್ಟ ಹುಡುಗರಿಗೆ
ದಿನಕ್ಕೆ ನಲವತ್ತು ಸಲ ನಾನೇ ತಿರುಗಿಸಿ ತೋರಿಸಿದ ಕತ್ತು.
ಈಗ ತಿರುಗಿಸಲೇಬೇಡಿ ಅನ್ನುತ್ತಾರೆ.
ಅದಕ್ಕೇ ಈ ಒಂಬತ್ತು ಇಂಚಿನ ಗಾಜು,
ನಂಬರ್ ಪ್ಲೇಟಿನ ಮೇಲೆ ಕಡಲೆಕಾಳಿನಷ್ಟು ಕ್ಯಾಮರಾ.
ಕಲಿಯುವವರಿಗೆ ಹೇಳಿದ್ದು ಬೇರೆ:
ಕಾಲ ಬದಲಾಗಿದೆ, ನಾವೂ ಬದಲಾಗಬೇಕು.

ಹಲಸಿನ ತೊಳೆ ಬಿಡಿಸುವ ಹುಷಾರಿಯಲ್ಲಿ
ಪ್ಲಾಸ್ಟಿಕ್ ಚೌಕಟ್ಟು ಎಬ್ಬಿಸಿದ.
ಮೂರು ಸ್ಕ್ರೂ ತುಟಿಯಲ್ಲಿ, ನಾಲ್ಕನೆಯದು ಬಿತ್ತು.
ಅದು ಸಿಗಲೇ ಇಲ್ಲ.
ಇವತ್ತಿಗೂ ಬ್ರೇಕ್ ಒತ್ತಿದರೆ ಎಲ್ಲೋ ಉರುಳುತ್ತದೆ.
ಕಂಪನಿಯ ಸೆಟ್ಟು ಹೊರಬಂತು,
ಬೆನ್ನ ಹಿಂದೆ ತಂತಿಗಳ ಜಡೆ ಸಮೇತ.
ಅಲುಗಿಸಿದ. ಒಳಗೆ ಗಲ್ ಎಂದಿತು.

ಸಿ.ಡಿ. ತಿರುಗಬೇಕಾದ ಜಾಗದಲ್ಲಿ
ಒಂದು ರೂಪಾಯಿಯ ಏಳು ನಾಣ್ಯ,
ನಾಲ್ಕಾಗಿ ಮಡಚಿದ ಬೆಸ್ಟ್ ಬಸ್ಸಿನ ಟಿಕೆಟ್ಟು.
ಕೊಲೆಗಾರ ಸಿಕ್ಕಿಬಿದ್ದ ನೋಡಿ,
ನಕ್ಕ ಮಕ್ಸೂದ್.

ಯಾರೆಂದು ನನಗೆ ಆಗಲೇ ತಿಳಿಯಿತು.

ವೃಷಾಲಿ ಪೆಡ್ಣೇಕರ್, ಆರ್.ಟಿ.ಓ.ದಲ್ಲಿ ಮೂರು ಸಲ ಫೇಲು.
ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲವೆಂದು
ನಾಲ್ಕು ವರ್ಷದ ಮಗನನ್ನೂ ಕರೆತರುತ್ತಿದ್ದಳು.
ಎರಡು ಸೀಟಿನ ನಡುವೆ ತಲೆ ತೂರಿಸಿ ನಿಲ್ಲುತ್ತಿದ್ದ.
ಏರಿನಲ್ಲಿ ಅವಳ ಕಾಲು ನಡುಗಿ
ಇಂಜಿನ್ ನಿಂತಾಗಲೆಲ್ಲ ನನ್ನ ದನಿ ಏರುತ್ತಿತ್ತು,
ಹಿಂದಿನವರು ಹಾರ್ನು ಒತ್ತುತ್ತಿದ್ದರು.
ಅವನು ಸ್ಟೇಷನ್ನಿನ ತೂಕದ ಯಂತ್ರ ನೋಡಿದ್ದವನು:
ಕಾಸು ಹಾಕಿದರೆ ಬಲ್ಬು ಉರಿಯುತ್ತದೆ, ಚಕ್ರ ತಿರುಗುತ್ತದೆ.
ಅಮ್ಮನ ಗಾಡಿಗೂ ಹಾಗೇ ಇರಬೇಕು.
ಒಂದು ಹಾಕಿದ. ಗಾಡಿ ಹೊರಟಿತು.
ಮತ್ತೆ ನಿಂತಿತು. ಇನ್ನೊಂದು ಹಾಕಿದ.
ಕೊನೆಗೆ ಕಾಸು ಮುಗಿದು ಟಿಕೆಟ್ಟು.

ಆಗ ನನ್ನ ಕತ್ತು ಬೇಕಾದಷ್ಟು ತಿರುಗುತ್ತಿತ್ತು.
ಹಿಂದಿನ ಗಾಜಿನಾಚೆಯ ರಿಕ್ಷಾ ಕಾಣುತ್ತಿತ್ತು,
ಹಾಲಿನ ಟೆಂಪೋ ಕಾಣುತ್ತಿತ್ತು.
ನನ್ನ ಭುಜಕ್ಕೆ ತಾಗಿ ನಿಂತ ಪುಟ್ಟ ಕೈ
ಕಾಣಲಿಲ್ಲ.

ಹಳದಿ ತಂತಿ ನೆನಪಿನದು ಎಂದ ಮಕ್ಸೂದ್,
ಅದು ಯಾವಾಗಲೂ ಎಚ್ಚರ.
ಕೆಂಪು, ಕೀಲಿ ತಿರುಗಿಸಿದರೆ ಮಾತ್ರ.
ಹೇಳಿದ, ಆದರೆ ಚಹಾ ಬಂದ ಗಡಿಬಿಡಿಯಲ್ಲಿ
ಎರಡನ್ನೂ ಅದಲುಬದಲು ಸುತ್ತಿ ಟೇಪು ಹಚ್ಚಿದ.
ಹೊಸದು ಈಗ ಪ್ರತಿ ಬೆಳಿಗ್ಗೆ ಹುಟ್ಟಿ ಬಂದು
ನಿಮ್ಮ ಭಾಷೆ ಯಾವುದು ಎಂದು ಕೇಳುತ್ತದೆ.
ಕುರ್ಲಾಕ್ಕೆ ಮತ್ತೆ ಹೋಗಬೇಕು. ಹೋಗಿಲ್ಲ.

ಹುಡುಗನಿಗೆ ಈಗ ಹದಿನಾರಾಗಿರಬೇಕು.
ಇನ್ನೆರಡು ವರ್ಷಕ್ಕೆ ನನ್ನ ಹತ್ತಿರವೇ ಬಂದಾನು.
ಏಳು ರೂಪಾಯಿ ಆಶ್‌ಟ್ರೇಯಲ್ಲಿದೆ.

ನಿನ್ನೆ ಭಾಂಡುಪಿನ ಸಿಗ್ನಲ್ಲಿನಲ್ಲಿ
ಹೊಸ ಹುಡುಗಿ ಮೂರನೇ ಸಲ ಇಂಜಿನ್ ನಿಲ್ಲಿಸಿದಳು.
ಹಿಂದೆ ಹಾರ್ನು ಶುರುವಾಯಿತು.
ಬೈಯಲು ಬಾಯಿ ತೆರೆದೆ.
ಕೈ ತಾನಾಗಿ ಆಶ್‌ಟ್ರೇಗೆ ಹೋಗಿ
ಒಂದು ನಾಣ್ಯ ಹಿಡಿದು
ಗಾಜಿನ ಮುಂದೆ ನಿಂತಿತು.

ಇದಕ್ಕೆ ಬಾಯಿಯೇ ಇಲ್ಲ.