ಗಾಳಿ ಲೆಕ್ಕ

ತಣ್ಣೀರುಹಳ್ಳದ ತಿರುವಿನಲ್ಲಿ ನನ್ನ ಅಂಗಡಿ.
ಒಂದು ಕಂಪ್ರೆಸರ್, ಎರಡು ಜಾಕಿ,
ಡ್ರಮ್ಮು ಅರ್ಧಕ್ಕೆ ಕೊಯ್ದು ಮಾಡಿದ ತೊಟ್ಟಿ.
ಇಪ್ಪತ್ತಾರು ವರ್ಷದಿಂದ ಅದರ ಕಪ್ಪು ನೀರಿಗೆ
ಟ್ಯೂಬು ಅದ್ದಿ, ತಿರುಗಿಸಿ, ಕಾಯುತ್ತೇನೆ.
ಎಲ್ಲಿ ಗುಳ್ಳೆಯೋ ಅಲ್ಲಿ ತೂತು.
ನೀರಡಿಯ ವಿದ್ಯೆ ನನಗೆ ಗೊತ್ತಿರುವುದು ಇಷ್ಟೇ.

ಆಷಾಢದಲ್ಲೊಂದು ಕಾರು ಕುಂಟುತ್ತಾ ಬಂತು,
ಸಕಲೇಶಪುರದ ಕಡೆಯ ಹುಡುಗ, ಸ್ಟೆಪ್ನಿಯೂ ಪಂಕ್ಚರ್.
ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ತೋರಿಸಿದ,
ಬೆನ್ನಿಗೆ ಸಿಲಿಂಡರು ಕಟ್ಟಿ
ಅಂಡಮಾನಿನ ಕಡಲಡಿ ತೇಲುವ ತನ್ನನ್ನೇ,
ಮೂಗಿನೆದುರು ಒಂದು ಹಳದಿ ಮೀನು.
"ಆಕ್ಸಿಜನ್ನಾ?" ಅಂದೆ.
"ಇಲ್ಲ ಅಣ್ಣ, ನೀವು ತುಂಬ್ತೀರಲ್ಲ, ಅದೇ ಗಾಳಿ. ಸೋಸಿದ್ದು.
ಇನ್ನೂರು ಬಾರ್."
ಗೇಜು ನೋಡುತ್ತ ಮನಸಲ್ಲೇ ಗುಣಿಸಿದೆ:
ಕಾರಿನ ಚಕ್ರಕ್ಕೆ ಮೂವತ್ತೆರಡು,
ಲಾರಿಗೆ ನೂರ ಹತ್ತು,
ಒಬ್ಬ ಮನುಷ್ಯನಿಗೆ ಮೂರು ಸಾವಿರ, ಹತ್ತಿರ ಹತ್ತಿರ.
ಅದೂ ಮುಕ್ಕಾಲು ಗಂಟೆಗೆ.

ರಾತ್ರಿ ಕೆಂಚಾಂಬಳಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.
ಹಾಲಿಗೆ ಹೆಪ್ಪು ಹಾಕಿ, ಮುಚ್ಚಿ ಬಂದು,
"ಎಷ್ಟಾಗ್ತದೆ?" ಅಂದಳು.

ಗಾರ್ಮೆಂಟ್ಸ್ ಹೆಂಗಸರ ಚೀಟಿ ಫೆಬ್ರವರಿಗೆ ಅವಳದು.
ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಬರೆದಳು:
ಹಾಸನದಿಂದ ಬೆಂಗಳೂರಿಗೆ ರಾತ್ರಿ ಬಸ್ಸು.
ಪೋರ್ಟ್ ಬ್ಲೇರಿಗೆ ವಿಮಾನ. ದ್ವೀಪಕ್ಕೆ ಹಡಗು,
ಪಕ್ಕದಲ್ಲಿ "ವಾಂತಿ ಮಾತ್ರೆ".
ರೂಮು, ಫ್ಯಾನಿನದು ಸಾಕು.
ಮುಳುಗಿ ಎದ್ದ ಮೇಲೆ ಒಂದು ಹಗಲು ಒಂದು ರಾತ್ರಿ
ವಿಮಾನ ಹತ್ತುವಂತಿಲ್ಲವಂತೆ, ಆ ದಿನದ ಊಟ ಬೇರೆ.
ಅಲ್ಲಿ ಮುದ್ದೆ ಸಿಗುತ್ತದಾ ಎಂದು ನಾನು ಕೇಳಿದ್ದನ್ನು
ಬರೆದುಕೊಳ್ಳಲಿಲ್ಲ.

ಮುಳುಗಿಸುವವರ ಫಾರಮ್ಮು ಫೋನಿಗೆ ಬಂತು.
ಮಗಳು ಓದಿದಳು. ಗೂರಲು ಇದೆಯೇ? ಫಿಟ್ಸು? ಕಿವಿ?
ಕಿವಿಯ ಹತ್ತಿರ ನಿಂತೆವು.
ಅಂಗಡಿ ಇಟ್ಟ ವರ್ಷ ಟಿಪ್ಪರಿನ ಟೈರೊಂದು
ನನ್ನ ಎಡಗಡೆ ಸಿಡಿದಿತ್ತು.

ಡಾಕ್ಟರು ಬೆಳಕು ಹಾಕಿ ಬಹಳ ಹೊತ್ತು ನೋಡಿದರು.
"ತಮಟೆಯಲ್ಲಿ ತೂತಿದೆ. ನೀರಿಗಿಳಿಯೋ ಮಾತೇ ಬೇಡ."
ಎಷ್ಟು ದೊಡ್ಡದು ಸಾರ್?
"ಸಾಸಿವೆಯಷ್ಟು."
ಸಾಸಿವೆಯಷ್ಟಕ್ಕೆ ನಾನು ಎಂಬತ್ತು ರೂಪಾಯಿ ತಗೊಳ್ತೀನಿ,
ಉಜ್ಜಿ, ಸೊಲ್ಯೂಷನ್ ಹಚ್ಚಿ, ಎರಡು ನಿಮಿಷ ಒಣಗಿಸಿ, ಪ್ಯಾಚು.
ಅವರೂ ಪ್ಯಾಚು ಅಂತಲೇ ಅಂದರು.
ಖರ್ಚು, ಸರಿಯಾಗಿ ಒಂದು ಚೀಟಿ.

ಸಿಟಿ ಬಸ್ಸಿನಲ್ಲಿ ನನ್ನ ಬಲಗಡೆ ಕೂತು,
ಕೇಳುವ ಕಿವಿಗೆ ಹೇಳಿದಳು:
"ನಾನು ಇಳೀತೀನಿ."

ಮರೆತೇಬಿಟ್ಟಿದ್ದೆ. ಆಲೂರು ಕಡೆಯವಳು.
ಒಣಗಿದ ಸೋರೆಬುರುಡೆ ಬೆನ್ನಿಗೆ ಬಿಗಿದು
ಅಣ್ಣಂದಿರು ಕೆರೆಗೆ ನೂಕಿದಾಗ ಏಳು ವರ್ಷ.
ಬುರುಡೆ ಬಿಚ್ಚಿದ ದಿನ ತಳಕ್ಕೆ ಹೋಗಿ
ಹಿಡಿ ಕೆಸರು ತಂದು ತೋರಿಸಿದಳಂತೆ.
ಮದುವೆಯಾದ ಮೇಲೆ ಅವಳು ಕಂಡ ನೀರು
ಬಿಂದಿಗೆಯದು, ನಲ್ಲಿಯದು, ನನ್ನ ಈ ತೊಟ್ಟಿಯದು.

ಈಗ ಎರಡು ಟಿಕೆಟ್ಟು, ಒಂದೇ ಮುಳುಗು.
ದೋಣಿಯಲ್ಲಿ ಸುಮ್ಮನೆ ಕೂರುವವನಿಗೆ ದುಡ್ಡಿಲ್ಲ ಎಂದು
ಫೋನಿನಲ್ಲೇ ಚೌಕಾಶಿ ಮಾಡಿ ಒಪ್ಪಿಸಿದ್ದಾಳೆ.
ಸಂಜೆ ಅಂಗಡಿಗೆ ಬಂದು ಮೂಗು ಹಿಡಿದುಕೊಂಡು
ಬಾಯಲ್ಲೇ ಉಸಿರಾಡುತ್ತ ಗಡಿಯಾರ ನೋಡುತ್ತಾಳೆ.
ಗಿರಾಕಿಗಳು ನನ್ನ ಮುಖ ನೋಡುತ್ತಾರೆ.

ನನ್ನದೂ ತಾಲೀಮು ನಡೆದಿದೆ.
ಟ್ಯೂಬು ಅದ್ದುತ್ತೇನೆ. ಗುಳ್ಳೆ ಏಳುತ್ತದೆ.
ಬೆರಳು ಅದನ್ನು ಮುಚ್ಚಲು ಓಡುತ್ತದೆ, ಹಿಡಿದು ನಿಲ್ಲಿಸುತ್ತೇನೆ.
ಅಲ್ಲಿ ಗುಳ್ಳೆ ಬಂದರೆ ಸರಿ,
ಬರದಿದ್ದರೆ ಕೂಗಬೇಕು.
ಇಷ್ಟನ್ನು ಕೈಗೆ ಕಲಿಸಲು ಫೆಬ್ರವರಿ ತನಕ ಸಮಯವಿದೆ.

"ಏನಣ್ಣಾ, ತೂತು ಸಿಕ್ತಾ?" ಬೈಕಿನವರು ಕೇಳುತ್ತಾರೆ.
ಸಿಕ್ಕಿದೆ. ಇನ್ನೊಂದು ಗಳಿಗೆ ಬಿಡಿ,
ನೋಡುತ್ತೇನೆ.