ಮೂರನೇ ಹಾಡಿನ ಬೇರಿಂಗು

ಒಸ್ತ್ರಾವಾದಲ್ಲಿ ಆ ವರ್ಷ ಹಿಮ ಬೀಳುವಾಗಲೇ ಬೂದಿಬಣ್ಣ.
ನಾನು ಕ್ರೇನಿನ ಗೂಡಿನಲ್ಲಿ, ನೆಲದಿಂದ ಹದಿನಾಲ್ಕು ಮೀಟರು ಮೇಲೆ,
ಕೋಟಿನೊಳಗೆ ಟೇಪ್ ರೆಕಾರ್ಡರು,
ತೋಳಿನ ತುದಿಯಿಂದ ಮೈಕು
ಇಲಿಮರಿಯ ಹಾಗೆ ಇಣುಕುತ್ತ.
ಕೆಳಗೆ ಕೆಂಪಗೆ ಕಾದ ಗಟ್ಟಿ ಪ್ರೆಸ್ಸಿನ ಬಾಯಿಗೆ ಹೋಗುವುದು,
ಪ್ರೆಸ್ಸು ಇಳಿಯುವುದು, ಏಳುವುದು.
ಇಳಿದು ಏಳುವುದರ ನಡುವೆ ಒಂದು ಕೀರಲು,
ಬೇಡ ಬೇಡವೆಂದು ಯಾರೋ ಹಲ್ಲು ಕಚ್ಚಿ ಅಂದ ಹಾಗೆ.
ಅದು ನನಗೆ ಬೇಕಿತ್ತು.

ವಿಯೆನ್ನಾದಿಂದ ಮೂರು ಕೈ ದಾಟಿ ಬಂದ ಸ್ಯಾಂಪ್ಲರಿಗೆ
ಎಂಟೇ ಸೆಕೆಂಡಿನ ನೆನಪು.
ಅದಕ್ಕಾಗಿ ರಾದಿಮ್ ಮೋಟಾರ್‌ಸೈಕಲ್ಲು ಮಾರಿದ,
ಝ್ಬಿನ್ಯೆಕ್ ಅಜ್ಜಿಯ ಅಕಾರ್ಡಿಯನ್ನು,
ಅಜ್ಜಿಗೆ ಹೇಳದೆ.
ಇಷ್ಟು ದೊಡ್ಡ ಕಾರ್ಖಾನೆ, ಮೂರು ಪಾಳಿ, ಎಷ್ಟೋ ಸಾವಿರ ಜನ,
ಅವರ ಕೆಮ್ಮು, ಬೈಗುಳ, ಸೈರನ್ನು;
ಆರಿಸಿಕೋ ಎಂಟು ಸೆಕೆಂಡು.

ತಂಡದ ಹೆಸರು ಸ್ಟ್ರುಸ್ಕಾ.
ಅಂದರೆ ಕಿಟ್ಟ,
ಕಬ್ಬಿಣ ತನ್ನ ಪಾಡಿಗೆ ಹೊರಟುಹೋದ ಮೇಲೆ
ಕುಲುಮೆಯಲ್ಲಿ ಉಳಿಯುವಂಥದ್ದು.

ವಠಾರದ ನೆಲಮಾಳಿಗೆ, ಬಟ್ಟೆ ಒಗೆಯುವ ಕೋಣೆ.
ಗೋಡೆಗೆ ಶಾಲೆಯ ಅಡುಗೆಮನೆಯಿಂದ ಕದ್ದ ಮೊಟ್ಟೆ ತಟ್ಟೆಗಳು,
ಕೆಲವಕ್ಕೆ ಇನ್ನೂ ಗರಿ ಅಂಟಿತ್ತು.
ಗಿಟಾರಿನ ತಂತಿಯನ್ನು ಎಷ್ಟು ಇಳಿಸಿದೆವೆಂದರೆ
ಒದ್ದೆ ಟವೆಲ್ಲು ಹಾಕಿದರೂ ಹಾಕಬಹುದಿತ್ತು.
ಝ್ಬಿನ್ಯೆಕ್ ಹಾಡಿದ್ದು ತಗಡಿನ ಕಪಾಟಿನೊಳಗೆ ನಿಂತು, ಬಾಗಿಲು ಹಾಕಿಕೊಂಡು.
ಎರಡನೇ ರಾತ್ರಿ ಚಿಲಕ ಸಿಕ್ಕಿಕೊಂಡಿತು;
ಆ ಕೂಗನ್ನೇ ಇಟ್ಟುಕೊಂಡೆವು.
ಮೇಲಿನ ಮನೆಯ ಕುಬಾಲೊವಾ
ಹತ್ತು ಹೊಡೆದರೆ ಪೊರಕೆಹಿಡಿಯಿಂದ ನೆಲ ಕುಟ್ಟುವಳು.
ಎಂಥ ಲಯ ಆ ಹೆಂಗಸಿನದು!
ಐದನೇ ಹಾಡು ಶುರುವಾಗುವುದು ಅವಳಿಂದಲೇ.

ನಾನೂರು ಕ್ಯಾಸೆಟ್ಟು.
ಹೊದಿಕೆಗೆ ಕೆಂಪು ಕೇಳಿದ್ದೆವು, ಕಂದು ಬಂತು.
ಪ್ರಾಗಿನ ಪತ್ರಿಕೆಯೊಂದು ಹತ್ತಕ್ಕೆ ಎರಡು ಕೊಟ್ಟು ಬರೆಯಿತು:
ವಾಷಿಂಗ್ ಮೆಷೀನಿಗೆ ಕಲ್ಲು ಹಾಕಿ ತಿರುಗಿಸಿದಂತಿದೆ.
ರಾದಿಮ್ ಅದನ್ನು ಕತ್ತರಿಸಿ ವಾಷಿಂಗ್ ಮೆಷೀನಿಗೇ ಅಂಟಿಸಿದ.

ಮೊದಲ ಕಛೇರಿ ಕಾರ್ಮಿಕ ಭವನದಲ್ಲಿ.
ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಲು ಹೊರಟವರು ನಾವು.
ಮೂವತ್ತೆಂಟು ಜನ. ಅದರಲ್ಲಿ ಏಳು ಮಂದಿ ನನ್ನದೇ ಪಾಳಿಯವರು,
ಕೈ ಕಟ್ಟಿಕೊಂಡು, ಟೋಪಿ ತೆಗೆಯದೆ.
ದಿನವಿಡೀ ಕೇಳುವುದನ್ನು
ದುಡ್ಡು ಕೊಟ್ಟು ರಾತ್ರಿಯೂ ಏಕೆ ಕೇಳಬೇಕೆಂದು
ಅವರ ಮೀಸೆಗಳೇ ಕೇಳುತ್ತಿದ್ದವು.

ಮುಗಿದ ಮೇಲೆ ಗ್ರೀಸು ಹಾಕುವ ಒತಕರ್ ಹತ್ತಿರ ಬಂದ,
ಬಿಯರಿನ ನೊರೆ ಒರೆಸಿಕೊಂಡ.
ಚೆನ್ನಾಗಿದೆ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.
‘ಬೊಹ್ದಾನಾ, ಮೂರನೇ ಹಾಡು.
ಅದು ನಮ್ಮ ಎರಡನೇ ಪ್ರೆಸ್ಸಲ್ಲವೇ?
ಎಡಗಡೆ ಬೇರಿಂಗು ಒಣಗಿದೆ.
ಯಾವತ್ತಿನಿಂದ?’

ಎರಡು ವರ್ಷಕ್ಕೆ ಮತ್ತೊಂದು ಆಲ್ಬಮ್ಮು.
ಅದೇ ಕೀರಲು ಇನ್ನಷ್ಟು ಉದ್ದ ಬೇಕೆಂದು
ಮತ್ತೆ ಕೋಟಿನೊಳಗೆ ರೆಕಾರ್ಡರು ಇಟ್ಟುಕೊಂಡು ಹತ್ತಿದೆ.
ಪ್ರೆಸ್ಸು ಇಳಿಯಿತು, ಎದ್ದಿತು,
ಹಾಲು ಕುಡಿದ ಬೆಕ್ಕಿನಷ್ಟು ಮೆತ್ತಗೆ.
ಕಛೇರಿಯ ಮರುದಿನವೇ
ಅವನು ಗ್ರೀಸ್ ಗನ್ನು ಹಿಡಿದು ಹೋಗಿದ್ದನಂತೆ.
ಆ ಎರಡನೇ ಆಲ್ಬಮ್ಮು ಯಾರಿಗೂ ನೆನಪಿಲ್ಲ, ನನಗೂ ಅಷ್ಟಕ್ಕಷ್ಟೆ.

ಈಗ ಅಲ್ಲಿ ಟಿಕೆಟ್ಟು, ಹಳದಿ ಹೆಲ್ಮೆಟ್ಟು, ಮಕ್ಕಳ ಸಾಲು.
ಒತಕರ್ ಹೋಗಿ ಒಂಬತ್ತು ವರ್ಷ.
ಲೈಪ್ಜಿಗಿನ ಹುಡುಗನೊಬ್ಬ ನಮ್ಮ ಕ್ಯಾಸೆಟ್ಟನ್ನು
ಮತ್ತೆ ತರುತ್ತಾನಂತೆ, ದಪ್ಪ ಕಪ್ಪು ತಟ್ಟೆಯಲ್ಲಿ.
ತುಂಬ ವಿನಯದಿಂದ ಕೇಳಿದ್ದಾನೆ:
ಮೂರನೇ ಹಾಡಿನಲ್ಲಿ ಒಂದು ಕೀರಲು ಇದೆ,
ತೆಗೆದುಬಿಡಲೇ?

ಬೇಡ ಮಗೂ, ಎಂದು ಬರೆದೆ.
ಅದನ್ನು ಒಬ್ಬರು ಆಗಲೇ ಸರಿ ಮಾಡಿದ್ದಾರೆ.